ಹಳೇ ಮನೆ ಗೋಡೆಯ ಚಿತ್ತಾರ ಮತ್ತೆ ಬಿಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆಯ ಸಾಗರದ ಆಸುಪಾಸಿನಲ್ಲಿ ಹಳೇ ಮನೆ ಕೆಡವುತ್ತಾರೆ ಅಂತ ಸುದ್ದಿ ಬಂದರೆ ನಾನು ಟ್ರೇಸಿಂಗ್ ಹಾಳೆಯ ಸುರುಳಿ ಹೆಗಲಿಗೇರಿಸಿ ಹೊರಡುತ್ತೇನೆ. ಗೋಡೆಯ ಮೇಲೆ ಹಸೆ ಚಿತ್ತಾರ ಇರಲಿ, ಹೂಬಳ್ಳಿಯ ಅಂಚಿರಲಿ, ಅಳತೆ ಸಮೇತ ಇಳಿಸಿಕೊಂಡು ಬರುತ್ತೇನೆ. ಆಮೇಲೆ ಅದನ್ನು ಹೊಸ ಗೋಡೆಗೋ ಬಟ್ಟೆಗೋ ವಾಲ್‌ಪೇಪರಿಗೋ ಮತ್ತೆ ಬಿಡಿಸುವ ಕೆಲಸ. ಫೋನ್ ಮಾಡಿದವರೆಲ್ಲ ಹೆಚ್ಚುಕಮ್ಮಿ ಇವನ್ನೇ ಕೇಳುತ್ತಾರೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಮಲೆನಾಡಿನ ಹಳೇ ಮನೆಗಳಲ್ಲಿ ವಾಲ್‌ಪೇಪರ್ ಇತ್ತಾ?

ಇಲ್ಲ ಅಂತಲೇ ಹೇಳಬೇಕು. ಮಣ್ಣಿನ ಗೋಡೆ, ಹೊರಗೆ ನಾಲ್ಕು ತಿಂಗಳು ಬಿಡದ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ. ಇಂಥ ಕಡೆ ಗೋಡೆಗೆ ಕಾಗದ ಅಂಟಿಸಿದರೆ ಆಷಾಢ ಕಳೆಯುವಷ್ಟರಲ್ಲಿ ಹಪ್ಪಳದ ಹಾಗೆ ಎದ್ದು ನಿಲ್ಲುತ್ತದೆ.

ಯುರೋಪಿನಲ್ಲಿ ಅದು ನೂರಾರು ವರ್ಷದ ರೂಢಿ. ಮೊದಲು ಬಿಡಿ ಹಾಳೆಗಳನ್ನು ಅಂಟಿಸಿ ಉದ್ದ ಮಾಡಿಕೊಂಡು ಅದರ ಮೇಲೆ ಮರದ ಅಚ್ಚು ಒತ್ತುತ್ತಿದ್ದರು. 1799ರಲ್ಲಿ ಫ್ರಾನ್ಸಿನ ಲೂಯಿ ನಿಕೊಲಾ ರಾಬರ್ ಉದ್ದನೆ ಕಾಗದ ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಸುರುಳಿ ಕಾಗದ ಶುರುವಾಗಿದ್ದು ಅಲ್ಲಿಂದ. ನಮ್ಮ ಮನೆಗಳ ಗೋಡೆಯಲ್ಲಿ ಕಾಗದ ಅಂತ ಇದ್ದರೆ ಅದು ದೇವರ ಪಟ. ರವಿವರ್ಮನ ಪ್ರೆಸ್ 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಮೇಲೆ ಲಕ್ಷ್ಮಿ, ಸರಸ್ವತಿ ಮನೆಮನೆಗೆ ಬಂದರು. ಅವರೂ ಗಾಜಿನ ಹಿಂದೆಯೇ ಇದ್ದರು.

ಹಾಗಾದರೆ ನೀವು ನಕಲು ಮಾಡುವುದು ಏನನ್ನು?

ಮುಖ್ಯವಾಗಿ ಹಸೆ ಚಿತ್ತಾರ. ಸಾಗರ, ಸೊರಬ, ಹೊಸನಗರದ ಕಡೆ ದೀವರು ಸಮುದಾಯದ ಮನೆಗಳಲ್ಲಿ ಹೆಂಗಸರು ಬರೆಯುವಂಥದ್ದು. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ. ಮದುವೆಯಲ್ಲಿ ಗಂಡು ಹೆಣ್ಣನ್ನು ಕೂರಿಸುವ ಜಾಗದ ಗೋಡೆಗೆ ಬರೆಯುವುದು ಹಸೆಗೋಡೆ. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಬುಟ್ಟಿಯ ಮೇಲೂ ಇದೇ ಕೈ, ಇದೇ ಗೆರೆ.

ಎರಡನೆಯದು ಕಾವಿ. ಸುಣ್ಣದ ಗಾರೆಯ ಮೇಲೆ ಕೆಂಪು ಬಳಿದು, ಹಸಿ ಇರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳಿ ಕಾಣಿಸುವ ಕೆಲಸ. ನೋಡಬೇಕು ಅಂದರೆ ಶಿರಸಿಯ ಮಾರಿಕಾಂಬೆ ಗುಡಿಗೆ ಹೋಗಿ.

ಮೂರನೆಯದಕ್ಕೆ ದೊಡ್ಡ ಹೆಸರಿಲ್ಲ. ಸುಣ್ಣದ ಗೋಡೆಗೆ ತಗಡಿನ ಅಚ್ಚಿಟ್ಟು ಬಳಿದ ಬಳ್ಳಿ ಅಂಚು. ಸೊಂಟದೆತ್ತರಕ್ಕೆ ಒಂದು ಸಾಲು, ಮುಚ್ಚಿಗೆಯ ಕೆಳಗೆ ಇನ್ನೊಂದು ಸಾಲು. ಇದನ್ನು ಯಾರೂ ಕಲೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನನ್ನು ಕೇಳಿದರೆ ಮೊದಲು ಮಾಯವಾಗುತ್ತಿರುವುದು ಇದೇ.

ಫೋಟೋ ಹೊಡೆದುಕೊಂಡರೆ ಸಾಕಲ್ವಾ?

ಸಾಲದು. ನಾನೂ ಶುರುವಿನಲ್ಲಿ ಹಾಗೇ ಅಂದುಕೊಂಡಿದ್ದೆ.

ಒಂದು ಮನೆಯ ನಡುಮನೆ ಗೋಡೆಯನ್ನು ಮೊಬೈಲಿನಲ್ಲಿ ಫ್ಲ್ಯಾಶ್ ಹಾಕಿ ಹೊಡೆದುಕೊಂಡು ಬಂದೆ. ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ನೀಟಾಗಿ ಬಿಡಿಸಿದೆ, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಆ ಗೋಡೆ ಬರೆದ ಅಜ್ಜಿಗೇ ತೋರಿಸಿದೆ. ಅವರು ಕನ್ನಡಕ ಹಾಕಲಿಲ್ಲ. ಬೆರಳಿನ ತುದಿಯಿಂದ ಗೆರೆ ಸವರುತ್ತಾ ಹೋದರು. ಮೂಲೆಗೆ ಬಂದಾಗ ಬೆರಳು ನಿಂತಿತು. "ಇದೇನ್ ತಮಾ, ಒಂದೆಳೆ ನುಂಗಿಬಿಟ್ಯಲ್ಲ!"

ಗೋಡೆಯಲ್ಲಿ ಇದ್ದದ್ದು ಮೂರೆಳೆ, ನಾನು ಬರೆದದ್ದು ಎರಡೆಳೆ. ಫ್ಲ್ಯಾಶಿನ ಬೆಳಕಿಗೆ ಪಕ್ಕಪಕ್ಕದ ಎರಡು ಬಿಳಿ ಗೆರೆ ಒಂದೇ ಆಗಿ ಕಂಡಿದ್ದವು. ನಮ್ಮ ಕಣ್ಣಿಗೆ ಅದು ಬರೀ ಒಂದು ಗೆರೆ. ಬರೆಯುವವರಿಗೆ ಎಳೆಯೇ ಲೆಕ್ಕ. ಒಂದು ಎಳೆ ತಪ್ಪಿದರೆ ಮೂಲೆ ಕೂಡುವುದಿಲ್ಲ, ಮುಂದಿನ ಚೌಕ ಓರೆಯಾಗುತ್ತದೆ. ಅಜ್ಜಿ ಗದರಲಿಲ್ಲ. ಆದರೆ ಆ ಪ್ರಿಂಟನ್ನು ಗೋಡೆಗೆ ತೂಗುಹಾಕಲೂ ಬಿಡಲಿಲ್ಲ.

ಅವತ್ತಿನಿಂದ ಗೋಡೆಯ ಎದುರು ನಿಂತೇ ಎಳೆ ಎಣಿಸುತ್ತೇನೆ, ಎಣಿಸಿದ್ದನ್ನು ಪುಸ್ತಕದಲ್ಲಿ ಬರೆಯುತ್ತೇನೆ. ಫೋಟೋ ಅದಕ್ಕೆ ಸಾಕ್ಷಿ ಅಷ್ಟೇ.

ಗೋಡೆಯಿಂದ ಇಳಿಸಿಕೊಳ್ಳುವುದು ಹೇಗೆ?

ಮೊದಲು ಫೋಟೋ. ಕ್ಯಾಮೆರಾ ಗೋಡೆಗೆ ನೇರವಾಗಿ, ಚಿತ್ತಾರದ ನಡುಮಧ್ಯದ ಎತ್ತರಕ್ಕೆ ಇರಬೇಕು. ಕೆಳಗಿನಿಂದ ಹೊಡೆದರೆ ಚೌಕ ಗೋಪುರದ ಹಾಗೆ ಮೇಲಕ್ಕೆ ಸಣ್ಣಗಾಗುತ್ತದೆ. ಪಕ್ಕದಲ್ಲಿ ಒಂದು ಅಳತೆಪಟ್ಟಿ, ಒಂದು ಬಿಳಿ ರಟ್ಟು ಇಡಿ. ರಟ್ಟು ಇದ್ದರೆ ಬಣ್ಣ ಎಷ್ಟು ವಾಲಿದೆ ಅಂತ ಆಮೇಲೆ ತಿಳಿಯುತ್ತದೆ. ಫ್ಲ್ಯಾಶ್ ಬೇಡವೇ ಬೇಡ.

ಮಾಸಿದ ಗೆರೆಗೆ ಒಂದು ಉಪಾಯ ಇದೆ. ಬಾಗಿಲು ಮುಚ್ಚಿ ಕತ್ತಲೆ ಮಾಡಿ, ಟಾರ್ಚನ್ನು ಗೋಡೆಗೆ ತಾಗಿಸಿದ ಹಾಗೆ ಪಕ್ಕದಿಂದ ಬಿಡಿ. ಅಕ್ಕಿಹಿಟ್ಟಿನ ಗೆರೆ ಗೋಡೆಯಿಂದ ಕೂದಲಷ್ಟು ಎತ್ತರ ಇರುತ್ತದೆ. ಬಿಳಿ ಉದುರಿ ಹೋದ ಕಡೆಯೂ ಆ ಉಬ್ಬಿನ ನೆರಳು ಕಾಣುತ್ತದೆ. ಹಗಲು ಏನೂ ಕಾಣದ ಗೋಡೆಯಲ್ಲಿ ಹೀಗೆ ಒಂದು ಇಡೀ ಸಾಲು ಸಿಕ್ಕಿದ್ದುಂಟು.

ಆಮೇಲೆ ಟ್ರೇಸಿಂಗ್. ಮಣ್ಣಿನ ಗೋಡೆಗೆ ಟೇಪು ಹಚ್ಚಬೇಡಿ. ಕೀಳುವಾಗ ಟೇಪಿನ ಜೊತೆ ಚಿತ್ತಾರವೂ ಬರುತ್ತದೆ. ಮೇಲಿನ ತೊಲೆಗೆ ಒಂದು ಬಿದಿರಿನ ಗಳು ಕಟ್ಟಿ, ಅದರಿಂದ ಪಾರದರ್ಶಕ ಹಾಳೆ ಇಳಿಬಿಟ್ಟರೆ ಸಾಕು. ಮೆತ್ತನೆ ಪೆನ್ಸಿಲ್, ಹಗೂರ ಕೈ. ಇಂಕ್ ಪೆನ್ನು ಹಾಳೆಯಿಂದ ಜಾರಿ ಗೋಡೆಗೆ ತಾಗಿದರೆ ಅಳಿಸಲಾಗುವುದಿಲ್ಲ.

ಹಾಳೆ ಸುತ್ತಿಡುವ ಮೊದಲು ಗೆರೆಗಳು ಹಾಯುವ ಕಡೆ ಕಣ್ಣಿಟ್ಟು ನೋಡಿ. ಯಾವ ಗೆರೆ ಮೇಲಿದೆ, ಯಾವುದು ಕೆಳಗಿದೆ? ಯಾವುದನ್ನು ಮೊದಲು ಎಳೆದರು ಅಂತ ಅದರಿಂದ ಗೊತ್ತಾಗುತ್ತದೆ. ಕುಂಚ ಎಲ್ಲಿ ಅದ್ದಿದರು ಅಂತಲೂ ಗೊತ್ತಾಗುತ್ತದೆ. ಅಲ್ಲಿ ಗೆರೆ ದಪ್ಪ, ಮುಂದೆ ತೆಳು. ಮತ್ತೆ ಬರೆಯುವಾಗ ಈ ಕ್ರಮ ಗೊತ್ತಿದ್ದರೆ ಕೈ ಸರಾಗ ಓಡುತ್ತದೆ.

ಅಳತೆ ಸೆಂಟಿಮೀಟರಿನಲ್ಲೋ ಅಡಿಯಲ್ಲೋ?

ನಿಮ್ಮ ಪುಸ್ತಕಕ್ಕೆ ಸೆಂಟಿಮೀಟರ್. ಆದರೆ ಬರೆದವರು ಸಿಕ್ಕರೆ ಅವರ ಗೇಣನ್ನೂ ಅಳೆದುಕೊಳ್ಳಿ. ಬಹಳ ಸಲ ಚೌಕದ ಅಗಲ ಆ ಕೈಯ ಗೇಣಿಗೆ, ಎಳೆಗಳ ನಡುವಿನ ಸಂದು ಆ ಬೆರಳಿಗೆ ಸರಿಹೋಗುತ್ತದೆ.

ಗೋಡೆಯೇ ಉಳಿದಿಲ್ಲ, ಅಜ್ಜಿಗೆ ನೆನಪಿದೆ. ಆಗುತ್ತದಾ?

ಖಂಡಿತ ಆಗುತ್ತದೆ. ಸಾಗರ ತಾಲೂಕಿನಲ್ಲಿ ಈ ಪ್ರಶ್ನೆಗೆ ಬೇರೆಯೇ ಭಾರ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಎಷ್ಟೋ ಊರು ನೀರಿನಡಿ ಹೋದವು. ಮನೆ ಬಿಟ್ಟು ಬಂದವರು ತೊಲೆ, ಬಾಗಿಲು, ಹಂಚು ಹೊತ್ತು ತರಬಹುದಿತ್ತು. ಗೋಡೆ ತರಲಾಗುತ್ತದೆಯೇ?

ಅಜ್ಜಿಗೆ ಎ ಫೋರ್ ಹಾಳೆ, ಪೆನ್ನು ಕೊಡಬೇಡಿ. "ನಂಗೆ ಬರೂದಿಲ್ಲ" ಅಂತ ತಳ್ಳಿಬಿಡುತ್ತಾರೆ. ಅಷ್ಟು ಸಣ್ಣ ಜಾಗದಲ್ಲಿ ಅವರ ಕೈ ಓಡುವುದಿಲ್ಲ. ದೊಡ್ಡ ಪ್ಲೈವುಡ್ ಹಲಗೆಗೆ ಕೆಮ್ಮಣ್ಣು ಬಳಿದು, ಒಣಗಿಸಿ, ಗೋಡೆಗೆ ಒರಗಿಸಿ ಇಡಿ. ಬಟ್ಟಲಲ್ಲಿ ಹಿಟ್ಟು ಕಲಸಿಡಿ. ನೀವು ಅಡುಗೆಮನೆಗೆ ಹೋಗಿ ಚಾ ಮಾಡಿಕೊಂಡು ಬನ್ನಿ. ಅಷ್ಟರಲ್ಲಿ ಹೊರಚೌಕ ಎದ್ದಿರುತ್ತದೆ. ಪಕ್ಕದಲ್ಲಿ ಅವರ ವಾರಿಗೆಯ ಇನ್ನೊಬ್ಬರು ಇದ್ದರೆ ಇನ್ನೂ ಒಳ್ಳೆಯದು. ಹಸೆ ಹಾಡು ಶುರುವಾದರೆ ಮರೆತ ಗೆರೆಯೂ ನೆನಪಾಗುತ್ತದೆ. ಇದು ನಾನು ಕಣ್ಣಾರೆ ಕಂಡದ್ದು.

ಸುಣ್ಣದ ಕೆಳಗೆ ಹಳೇ ಚಿತ್ತಾರ ಇರುವ ಹಾಗಿದೆ. ತೆಗೆಯುವುದು ಹೇಗೆ?

ಇಡೀ ಗೋಡೆ ಕೆರೆಯಲು ಹೋಗಬೇಡಿ. ಎರಡು ಮೂರು ಅಂಗುಲದ ಒಂದು ಕಿಟಕಿ ತೆರೆಯಿರಿ, ಅಷ್ಟೇ. ಮೊಂಡು ಚಾಕು ಹಿಡಿದು ಪದರ ಪದರವಾಗಿ ಎಬ್ಬಿಸಿ. ನೀರು ಮುಟ್ಟಿಸಬೇಡಿ, ಮಣ್ಣಿನ ಬಣ್ಣ ನೀರು ಕಂಡರೆ ಕರಗುತ್ತದೆ. ಒಂದೊಂದು ಪದರದ ಬಣ್ಣವನ್ನೂ ಬರೆದಿಡಿ. ಹೆಚ್ಚಾಗಿ ನೀಲಿ ಸುಣ್ಣ, ಅದರಡಿ ಬಿಳಿ ಸುಣ್ಣ, ಅದರಡಿ ಕೆಮ್ಮಣ್ಣು ಹೀಗೆ ಇಳಿಯುತ್ತದೆ.

ಬಾಗಿಲು, ಕಿಟಕಿಯ ಹಳೇ ಎಣ್ಣೆ ಬಣ್ಣವನ್ನು ಮಾತ್ರ ಒಣಗಿದ್ದಾಗ ಉಜ್ಜಬೇಡಿ. ಅದರಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ, ಆ ಧೂಳು ಮಕ್ಕಳಿಗೆ ವಿಷ.

ಹಳೇ ವಾಲ್‌ಪೇಪರಿನಲ್ಲೂ ವಿಷ ಇರುತ್ತಿತ್ತಂತೆ, ಹೌದಾ?

ಯುರೋಪಿನದ್ದರಲ್ಲಿ ಹೌದು. 1775ರಲ್ಲಿ ಷೀಲೆ ಎಂಬ ರಸಾಯನ ವಿಜ್ಞಾನಿ ತಾಮ್ರ, ಆರ್ಸೆನಿಕ್ ಸೇರಿಸಿ ಒಂದು ಹಸಿರು ಮಾಡಿದ. ಹತ್ತೊಂಬತ್ತನೇ ಶತಮಾನದ ಹಸಿರು ವಾಲ್‌ಪೇಪರುಗಳಲ್ಲಿ ಅಂಥ ಬಣ್ಣಗಳೇ ತುಂಬಿದ್ದವು. ನಮ್ಮ ಚಿತ್ತಾರದಲ್ಲಿ ಹಸಿರೇ ಇಲ್ಲ, ಆ ಭಯ ಬೇಡ.

ಹಳೇ ಬಣ್ಣಗಳನ್ನೇ ಮಾಡಿಕೊಳ್ಳಬಹುದಾ?

ಮಾಡಿಕೊಳ್ಳಬಹುದು. ಬಣ್ಣ ನಾಲ್ಕೇ. ಕೆಂಪು, ಬಿಳಿ, ಕಪ್ಪು, ಹಳದಿ.

ಕೆಂಪಿಗೆ ಕೆಮ್ಮಣ್ಣು. ಗುಡ್ಡದಿಂದ ತಂದು ಕುಟ್ಟಿ, ಜರಡಿ ಹಿಡಿದು, ನೀರಿನಲ್ಲಿ ಕದಡಿ. ಮರಳು ತಳಕ್ಕೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ಒಂದು ರಾತ್ರಿ ಬಿಟ್ಟರೆ ಬೆಣ್ಣೆಯಂಥ ಮಣ್ಣು ಸಿಗುತ್ತದೆ. ಈ ಕೆಂಪು ಕಬ್ಬಿಣದ್ದು, ಬಿಸಿಲಿಗೆ ಮಾಸುವುದಿಲ್ಲ. ಒದ್ದೆ ಇದ್ದಾಗ ಕಡುಗೆಂಪು, ಒಣಗಿದ ಮೇಲೆ ಒಂದು ಮೆಟ್ಟಿಲು ತಿಳಿ. ಹಾಗಾಗಿ ರಟ್ಟಿನ ಮೇಲೆ ಬಳಿದು, ಪೂರ್ತಿ ಒಣಗಿದ ಮೇಲೇ ಹಳೇ ಗೋಡೆಗೆ ಹೋಲಿಸಿ. ಒಂದೇ ಊರಿನ ಎರಡು ಗುಡ್ಡದ ಮಣ್ಣೂ ಬೇರೆ ಬೇರೆ ಕೆಂಪು ಇರುತ್ತದೆ. ಮನೆಯವರು ಮಣ್ಣು ಎಲ್ಲಿಂದ ತರುತ್ತಿದ್ದರು ಅಂತ ಕೇಳಿಕೊಳ್ಳಿ.

ಬಿಳಿಗೆ ಅಕ್ಕಿ ನೆನೆಸಿ ನುಣ್ಣಗೆ ಅರೆಯುವುದು. ಕಪ್ಪಿಗೂ ಅಕ್ಕಿಯೇ. ಬಾಣಲೆಯಲ್ಲಿ ಕರಕಲಾಗುವ ತನಕ ಹುರಿದು, ಅರೆದು ಕಲಸುತ್ತಾರೆ. ಹಳದಿ ಗುರಿಗೆ ಅನ್ನುವ ಮರದ ಕಾಯಿಯಿಂದ ಬರುತ್ತದೆ. ಕುಂಚ ಪುಂಡಿ ನಾರಿನದ್ದು. ತುದಿ ಜಜ್ಜಿ ಎಷ್ಟು ನಾರು ಬಿಡುತ್ತೀರೋ ಅಷ್ಟು ದಪ್ಪ ಗೆರೆ.

ಗುರಿಗೆ ಸಿಗಲಿಲ್ಲ ಅಂತ ಅರಿಶಿನ ಹಾಕುವವರಿದ್ದಾರೆ. ಸುಣ್ಣದ ಗೋಡೆಗೆ ಅರಿಶಿನ ಬಳಿದು ನೋಡಿ, ಕಣ್ಣೆದುರೇ ಕೆಂಪಾಗುತ್ತದೆ. ಓಕುಳಿ ನೀರು ಮಾಡುವುದೇ ಹಾಗಲ್ವಾ? ಸುಣ್ಣ ಇಲ್ಲದ ಕಡೆ ಬಳಿದರೂ ಬಿಸಿಲಿಗೆ ಬೇಗ ಬಿಳಚಿಕೊಳ್ಳುತ್ತದೆ.

ಅಂಗಡಿ ಬಣ್ಣ ಹಾಕಿದರೆ ತಪ್ಪಾ?

ತಪ್ಪೇನಿಲ್ಲ. ಅಕ್ಕಿಹಿಟ್ಟಿಗೆ ಜಿರಲೆ ಬರುತ್ತದೆ, ಬೂಷ್ಟು ಹಿಡಿಯುತ್ತದೆ. ಅವರು ಹಬ್ಬಕ್ಕೆ, ಮದುವೆಗೆ ಹೊಸದಾಗಿ ಬರೆಯುತ್ತಿದ್ದರು, ನಿಮಗೆ ಹತ್ತು ವರ್ಷ ನಿಲ್ಲಬೇಕು. ಹೊಳಪಿಲ್ಲದ ಬಣ್ಣ ತಗೊಳ್ಳಿ. ಹೊಳೆಯುವ ಕೆಂಪಿನ ಮೇಲೆ ಚಿತ್ತಾರ ಬರೆದರೆ ಬಸ್‌ಸ್ಟ್ಯಾಂಡಿನ ಬೋರ್ಡಿನ ಹಾಗೆ ಕಾಣುತ್ತದೆ.

ಚಿತ್ತಾರವನ್ನು ವಾಲ್‌ಪೇಪರ್ ಮಾಡುವಾಗ ಎಲ್ಲಿ ಎಡವುತ್ತಾರೆ?

ಜೋಡಣೆಯಲ್ಲಿ. ಮಾಮೂಲಿ ವಾಲ್‌ಪೇಪರ್ ರೋಲು 53 ಸೆಂಟಿಮೀಟರ್ ಅಗಲ, ಸುಮಾರು 10 ಮೀಟರ್ ಉದ್ದ. ಒಂದು ಪಟ್ಟಿಯ ಬಲ ಅಂಚಿನಲ್ಲಿ ಮುರಿದ ಗೆರೆ ಮುಂದಿನ ಪಟ್ಟಿಯ ಎಡ ಅಂಚಿನಲ್ಲಿ ಮುಂದುವರಿಯಬೇಕು. ಹೂಬಳ್ಳಿ ಆದರೆ ಎರಡು ಮಿಲಿಮೀಟರ್ ಹೆಚ್ಚುಕಮ್ಮಿ ಯಾರಿಗೂ ಕಾಣುವುದಿಲ್ಲ. ಬಲೆಯಂಥ ಎಳೆಯಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಬಾಗಿಲಲ್ಲೇ ಕಣ್ಣಿಗೆ ಹೊಡೆಯುತ್ತದೆ.

ಲೆಕ್ಕ ಹೀಗೆ. ಗೋಡೆಯಲ್ಲಿ ಬಲೆಯ ಒಂದು ಕಣ್ಣು, ಅಂದರೆ ಒಂದು ಚೌಕ, 6 ಸೆಂಟಿಮೀಟರ್ ಇದೆ ಅಂತಿಟ್ಟುಕೊಳ್ಳಿ. 53ನ್ನು 6ರಿಂದ ಭಾಗಿಸಿದರೆ ಪೂರ್ತಿ ಹೋಗುವುದಿಲ್ಲ. ಒಂಬತ್ತು ಕಣ್ಣು ಕೂರಿಸಬೇಕು ಅಂದರೆ ಒಂದೊಂದು 5.89 ಸೆಂಟಿಮೀಟರ್ ಆಗಬೇಕು. ಅಂದರೆ ಕಣ್ಣಿಗೆ ಒಂದು ಮಿಲಿಮೀಟರ್ ಕಳೆಯುತ್ತೀರಿ. ಅಗಲ ಕಳೆದಷ್ಟೇ ಎತ್ತರವನ್ನೂ ಕಳೆಯಿರಿ, ಇಲ್ಲದಿದ್ದರೆ ಚೌಕ ಹೋಗಿ ಉದ್ದ ಡಬ್ಬಿ ಆಗುತ್ತದೆ. ಎಳೆಯ ಸಂಖ್ಯೆಗೆ ಮಾತ್ರ ಕೈ ಹಚ್ಚಬೇಡಿ.

ಇನ್ನೊಂದು ಮಾತು. ಕಂಪ್ಯೂಟರಿನಲ್ಲಿ ಒಂದು ಕಣ್ಣು ಬರೆದು ನೂರು ಸಲ ಅಂಟಿಸಿದರೆ ಗೋಡೆ ಸತ್ತ ಹಾಗೆ ಕಾಣುತ್ತದೆ. ನಾನು ಒಂಬತ್ತು ಕಣ್ಣನ್ನೂ ಹಾಳೆಯಿಂದ ಬೇರೆ ಬೇರೆಯಾಗಿ ಎತ್ತಿಕೊಳ್ಳುತ್ತೇನೆ. ಕುಂಚ ಅದ್ದಿದ ದಪ್ಪ, ಒಣಗುತ್ತಾ ಹೋದ ತೆಳು, ನಡುಗಿದ ಕಡೆ ನಡುಗು, ಎಲ್ಲ ಇದ್ದ ಹಾಗೆ. ಹೊರಚೌಕ, ಮೂಲೆ, ಮದುಮಕ್ಕಳ ಗೊಂಬೆ ಇವುಗಳನ್ನು ರೋಲಿಗೆ ಹಾಕುವುದೇ ಇಲ್ಲ. ಅವು ಒಂದು ಗೋಡೆಗೆ ಒಂದೇ ಸಲ ಬರುವಂಥವು.

12 ಅಡಿ ಗೋಡೆಗೆ ಎಷ್ಟು ರೋಲ್ ಬೇಕು?

12 ಅಡಿ ಅಂದರೆ 366 ಸೆಂಟಿಮೀಟರ್, ಏಳು ಪಟ್ಟಿ. ಎತ್ತರ 9 ಅಡಿ, ಅಂದರೆ 274 ಸೆಂಟಿಮೀಟರ್. ವಿನ್ಯಾಸ 53 ಸೆಂಟಿಮೀಟರಿಗೊಮ್ಮೆ ಮರಳಿ ಬರುವುದಾದರೆ ಒಂದು ಪಟ್ಟಿಗೆ ಆರು ವಿನ್ಯಾಸದ ಉದ್ದ, 318 ಸೆಂಟಿಮೀಟರ್ ಕತ್ತರಿಸಬೇಕು. ಒಂದು ರೋಲಿಗೆ ಮೂರು ಪಟ್ಟಿ, ಒಟ್ಟು ಮೂರು ರೋಲ್. ಮೂರನ್ನೂ ಒಂದೇ ಸಲ ಪ್ರಿಂಟ್ ಹಾಕಿಸಿ. ಆರು ತಿಂಗಳು ಬಿಟ್ಟು ಹೋದರೆ ಅದೇ ಕೆಂಪು ಸಿಗುವುದಿಲ್ಲ.

ನಮ್ಮ ಮಳೆಗೆ ವಾಲ್‌ಪೇಪರ್ ನಿಲ್ಲುತ್ತದಾ?

ಗೋಡೆ ನೋಡಿ ಹೇಳಬೇಕು. ನನ್ನ ಮೊದಲ ಕೆಲಸ ನೀರುಪಾಲಾಯಿತು. ಹೊಸ ಮನೆ, ಮೇ ಕೊನೆಗೆ ಪ್ಲಾಸ್ಟರ್ ಮುಗಿದಿತ್ತು, ಗೃಹಪ್ರವೇಶದ ಗಡಿಬಿಡಿ. ಪಡುವಣ ಗೋಡೆಗೇ ಅಂಟಿಸಿದೆ. ಪ್ರಿಂಟ್ ಹಾಕಿಕೊಟ್ಟ ಅಂಗಡಿಯವರು ಕೆಮ್ಮಣ್ಣಿನ ಕೆಂಪನ್ನು ಗುಲಾಬಿ ಮಾಡಿದ್ದರು, ಅದನ್ನೂ ಹೇಗೋ ನುಂಗಿಕೊಂಡೆ. ಪುಷ್ಯ ಮಳೆ ಹಿಡಿಯುವ ಹೊತ್ತಿಗೆ ಸಂದಿನಲ್ಲೆಲ್ಲ ಕಪ್ಪು ಚುಕ್ಕಿ. ದುಡ್ಡು ವಾಪಸ್ ಕೊಟ್ಟು ಬಂದೆ. ಗುಲಾಬಿ ಬಣ್ಣ ಅವರ ತಪ್ಪು, ಬೂಷ್ಟು ನನ್ನದೇ.

ಈಗ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಡುತ್ತೇನೆ. ಸಿಮೆಂಟ್ ಗೋಡೆಗೆ ಮಾತ್ರ ಈ ಟೇಪಿನ ಪರೀಕ್ಷೆ. ಒಳಗೆ ಹನಿ ಕಂಡರೆ ಅಂಟಿಸುವ ಮಾತೇ ಇಲ್ಲ. ಹೊಸ ಗೋಡೆ ಒಂದು ಮಳೆಗಾಲ, ಒಂದು ಬೇಸಿಗೆ ಕಾಣಬೇಕು. ಮಳೆ ಹೊಡೆಯುವ ಹೊರಗೋಡೆಗೆ ಬೇಡ, ಒಳಗಿನ ಅಡ್ಡಗೋಡೆಗೆ ಆಗಬಹುದು. ಅಂಟಿಸುವ ಕಾಲ ದೀಪಾವಳಿ ಕಳೆದ ಮೇಲೆ. ಮಣ್ಣಿನ ಗೋಡೆ ಆದರೆ ಕಾಗದದ ಆಸೆ ಬಿಡಿ. ಬಟ್ಟೆಗೆ ಪ್ರಿಂಟ್ ಹಾಕಿಸಿ, ಚೌಕಟ್ಟಿಗೆ ಬಿಗಿದು, ಗೋಡೆಯಿಂದ ಒಂದಂಗುಲ ದೂರ ತೂಗುಹಾಕಿ. ಹಿಂದೆ ಗಾಳಿ ಆಡುತ್ತದೆ. ಶ್ರಾವಣದಲ್ಲಿ ಇಳಿಸಿ ಒಲೆಯ ಹತ್ತಿರ ಒಣಗಿಸಲೂಬಹುದು.

ಅಂಟು ಯಾವುದು?

ಪೇಟೆಯಲ್ಲಿ ಸಿಗುವ ವಾಲ್‌ಪೇಪರ್ ಅಂಟೇ ಇರಲಿ. ಮೈದಾ ಕುದಿಸಿ ಅಂಟು ಮಾಡಿ, ಹುಳ ಬಾರದಿರಲಿ ಅಂತ ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುವ ಪದ್ಧತಿ ಪುಸ್ತಕ ಬೈಂಡ್ ಮಾಡುವವರಲ್ಲಿದೆ. ಅಡಿಕೆ ತೋಟದವರ ಮನೆಯಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಉಳಿದ ತುತ್ತ ಇದ್ದೇ ಇರುತ್ತದೆ, ಹಾಗಾಗಿ ಎಲ್ಲರೂ ಇದನ್ನೇ ಕೇಳುತ್ತಾರೆ. ವರ್ಷಗಳು ಕಳೆದಂತೆ ತುತ್ತ ಕಾಗದವನ್ನೇ ತಿನ್ನುತ್ತದೆ. ಬೇಡ.

ಹಸೆಗೋಡೆಯನ್ನೇ ರೆಸಾರ್ಟಿನ ಬಾತ್‌ರೂಮಿಗೆ ಹಾಕಿಕೊಡ್ತೀರಾ?

ಇಲ್ಲ. ಇದು ನಿಜವಾಗಿ ಬಂದ ಫೋನು. ಮದುವೆಯಲ್ಲಿ ಗಂಡು ಹೆಣ್ಣನ್ನು ಕೂರಿಸುವ ಗೋಡೆ ಅದು. ಬಲೆ ವಿನ್ಯಾಸ, ಅಂಚು, ಬುಟ್ಟಿಯ ಸಾಲು ಎಲ್ಲಿ ಬೇಕಾದರೂ ಹಾಕಿಕೊಡುತ್ತೇನೆ.

ಹಳೇ ವಿನ್ಯಾಸ ಅಲ್ವಾ, ಯಾರಿಗೆ ದುಡ್ಡು ಕೊಡಬೇಕು?

ತಲೆಮಾರಿನಿಂದ ಬಂದ ಗೆರೆಗೆ ಒಬ್ಬರು ಒಡೆಯರಿಲ್ಲ. ಆದರೆ ಇವತ್ತು ಒಬ್ಬ ಹೆಂಗಸು ತನ್ನ ಕೈಯಲ್ಲಿ ಹೊಸದಾಗಿ ಬರೆದ ಚಿತ್ತಾರ ಅವಳದ್ದೇ ಕೃತಿ. ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಅದರ ಪ್ರಕಾರ ಬರೆದವರು ಬದುಕಿರುವ ತನಕ, ಆಮೇಲೆ 60 ವರ್ಷ ಹಕ್ಕು ಇರುತ್ತದೆ. ಅದನ್ನು ಕೇಳದೆ ಪ್ರಿಂಟ್ ಹಾಕಿ ಮಾರುವಂತಿಲ್ಲ. ನಾನು ಇಳಿಸಿಕೊಂಡ ದಿನದ ಕೂಲಿ ಮೊದಲೇ ಕೊಡುತ್ತೇನೆ, ರೋಲ್ ಮಾರಾಟವಾದರೆ ಅದರಲ್ಲೂ ಪಾಲು. ಹಳೇ ಗೋಡೆ ಆದರೆ ಮನೆಯವರಿಗೆ ಟ್ರೇಸಿಂಗಿನ ಒಂದು ಪ್ರತಿ.

ಮುಂದಿನ ವಾರ ಮನೆ ಕೆಡವುತ್ತಾರೆ. ಈಗೇನು ಮಾಡಲಿ?

ನಾನು ಬರುವುದನ್ನು ಕಾಯಬೇಡಿ. ಇವತ್ತೇ ಬೆಳಗಿನ ಬೆಳಕಿನಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ಹೊಡೆಯಿರಿ. ಇಡೀ ಗೋಡೆ ಒಂದು, ಮೂಲೆಗಳು ನಾಲ್ಕು, ಅಂಗೈಯಗಲದ ಹತ್ತಿರದ ಫೋಟೋ ಆದಷ್ಟು. ಗೋಡೆಯ ಎದುರು ನಿಂತು ಎಳೆ ಎಣಿಸಿ ಬರೆಯಿರಿ. ಬರೆದವರು ಯಾರು, ಯಾರ ಮದುವೆಗೆ, ಯಾವ ವರ್ಷ ಅಂತ ಮನೆಯ ಹಿರಿಯರನ್ನು ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಜೆಸಿಬಿ ಬಂದ ದಿನ ಬಿದ್ದ ಗೋಡೆಯಿಂದ ಬಣ್ಣ ಇರುವ ಒಂದು ಹೆಂಟೆ ಎತ್ತಿ, ಒಣಗಿದ ಡಬ್ಬಿಯಲ್ಲಿ ಹಾಕಿಡಿ. ಡಬ್ಬಿಯ ಮೇಲೆ ಊರ ಹೆಸರು, ತಾರೀಕು ಬರೆಯಿರಿ. ಅಡುಗೆಮನೆ ಶೆಲ್ಫಿನಲ್ಲಿ ಇಡುವುದಾದರೆ "ಮಣ್ಣು" ಅಂತಲೂ ಬರೆಯಿರಿ. ಒಂದು ಮನೆಯಲ್ಲಿ ಅದನ್ನು ರಾಗಿಹಿಟ್ಟು ಅಂದುಕೊಂಡು ಅಂಬಲಿಗೆ ಹಾಕಿಬಿಟ್ಟಿದ್ದರು.